ಪ್ರಸಾದ ನಿಲಯದ ಮಕ್ಕಳು ಮತ್ತು ನಮ್ಮ ಗಣಾಚಾರ

ಕೊಪ್ಪಳ ಸೀಮೆಯಲ್ಲಿ ಗಂಗಾವತಿಯ ಬಯಲಿಗೆ ತುಂಗಭದ್ರೆಯ ಕಾಲುವೆ ಬಂದು ಭತ್ತ ಬೆಳೆಯಿತು. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿ ಮಾತ್ರ ಇಂದಿಗೂ ಬಹುಮಟ್ಟಿಗೆ ಮುಗಿಲನ್ನೇ ನಂಬಿದೆ. ಮಳೆ ಹೋದ ವರ್ಷ ತಂದೆತಾಯಿಗಳು ಗುಳೆ ಹೊರಡುವರು. ಹೊರಡುವ ಮುನ್ನ ಮಕ್ಕಳನ್ನು ಮಠದ ಉಚಿತ ಪ್ರಸಾದ ನಿಲಯಕ್ಕೆ ಕರೆತಂದು, "ಅಜ್ಜಾರ, ನಿಮ್ಮ ಉಡ್ಯಾಗ ಹಾಕೀವ್ರಿ" ಎಂದು ಕೈಮುಗಿಯುವರು. ಆ ಮಾತಿಗೆ ಕರಾರುಪತ್ರವಿಲ್ಲ, ಸಾಕ್ಷಿಯಿಲ್ಲ. ನಿಜಾಮರ ಕಾಲದಲ್ಲಿ ಕನ್ನಡ ಶಾಲೆಗಳೇ ವಿರಳವಾಗಿದ್ದ ಈ ನಾಡಿನಲ್ಲಿ ಮಠಗಳು ಅನ್ನ, ಅಕ್ಷರಗಳೆರಡನ್ನೂ ನೀಡಿದವೆಂಬ ಕೃತಜ್ಞತೆಯೇ ಅದರ ಹಿಂದಿನ ಬಲ. ನಾವೂ ಅಂತಹ ಪಂಕ್ತಿಯಲ್ಲಿ ಕುಳಿತು ಉಂಡು, ಓದಿ ಬೆಳೆದವರು. ಆದುದರಿಂದಲೇ ಈ ವಿಷಯವನ್ನು ಬರೆಯದೆ ಇರಲಾರೆವು.

ಚಿತ್ರದುರ್ಗದ ಮುರುಘಾ ಮಠದ ಪ್ರಕರಣ ಸದ್ಭಕ್ತರೆಲ್ಲರಿಗೂ ತಿಳಿದದ್ದೇ. ಮಠದ ವಸತಿ ನಿಲಯದಲ್ಲಿದ್ದ ಇಬ್ಬರು ಬಾಲಕಿಯರು ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಮೈಸೂರಿನ ಒಡನಾಡಿ ಸಂಸ್ಥೆಯ ಮುಂದೆ ಹೇಳಿಕೊಂಡರು. 2022ರ ಆಗಸ್ಟ್ 26ರಂದು ಮೈಸೂರಿನ ನಜರಬಾದ್ ಠಾಣೆಯಲ್ಲಿ ದೂರು ದಾಖಲಾಯಿತು. ಸೆಪ್ಟೆಂಬರ್ 1ರಂದು ಪೀಠಾಧಿಪತಿಗಳಾದ ಶಿವಮೂರ್ತಿ ಮುರುಘಾ ಶರಣರ ಬಂಧನವಾಯಿತು. ಇದು ಸಂಚೆಂದು ಶರಣರ ಕಡೆಯವರು ಹೇಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ಪ್ರಕರಣವೂ ದಾಖಲಾಯಿತು. 2023ರ ನವೆಂಬರಿನಲ್ಲಿ ಹೈಕೋರ್ಟು ಜಾಮೀನು ನೀಡಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಮುಖ್ಯ ಸಾಕ್ಷಿಗಳ ವಿಚಾರಣೆ ಮುಗಿಯಲೆಂದು ಅವರನ್ನು ಮತ್ತೆ ನಾಲ್ಕು ತಿಂಗಳು ಬಂಧನದಲ್ಲಿರಿಸಲು ಆದೇಶಿಸಿತು. ಕೊನೆಗೆ 2025ರ ನವೆಂಬರ್ 26ರಂದು ಚಿತ್ರದುರ್ಗದ ನ್ಯಾಯಾಲಯ ಮೊದಲ ಪ್ರಕರಣದಲ್ಲಿ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ತೀರ್ಪನ್ನು ಗೌರವಿಸುವುದು ನಮ್ಮ ಧರ್ಮ. ಅದರ ಗುಣದೋಷಗಳನ್ನು ವಿಮರ್ಶಿಸುವ ಅಧಿಕಾರ ಮೇಲಿನ ನ್ಯಾಯಾಲಯಗಳದು. ಅಂಗಡಿಯ ಕಟ್ಟೆಯದಲ್ಲ, ನಮ್ಮ ಲೇಖನಿಯದೂ ಅಲ್ಲ. ಆದರೆ 2022ರಲ್ಲಿ ನಮ್ಮ ಸಮಾಜದ ಕೆಲವರು "ಮಠದ ಮೇಲೆ ಕೇಸೇ ಆಗಬಾರದಿತ್ತು, ಒಳಗೊಳಗೇ ಬಗೆಹರಿಸಬೇಕಿತ್ತು" ಎಂದರಲ್ಲ, ಅವರು ಒಂದನ್ನು ಯೋಚಿಸಬೇಕು. ಕೇಸು ಆಗದಿದ್ದರೆ, ತನಿಖೆ ನಡೆಯದಿದ್ದರೆ, ಈ ಬಿಡುಗಡೆಯಾದರೂ ಎಲ್ಲಿಂದ ಬರುತ್ತಿತ್ತು? ಆರೋಪ ಹೊತ್ತವರು ನಿರಪರಾಧಿಯಾಗಿದ್ದರೆ ಅವರ ಕಳಂಕವನ್ನು ತೊಳೆಯುವ ನೀರೂ ತನಿಖೆಯೊಂದೇ. ಜೋಧಪುರದ ನ್ಯಾಯಾಲಯ 2018ರಲ್ಲಿ ಬಾಲಕಿಯ ಮೇಲಿನ ಅತ್ಯಾಚಾರಕ್ಕಾಗಿ ಆಸಾರಾಮ್ ಬಾಪುವಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಒಂದೆಡೆ ಶಿಕ್ಷೆ, ಒಂದೆಡೆ ಬಿಡುಗಡೆ. ಎರಡೂ ಸಾಕ್ಷ್ಯವನ್ನು ತೂಗಿದ ಮೇಲೆ ಬಂದವು.

ನಮ್ಮನ್ನು ಕಾಡುವುದು ಬೇರೆಯೇ ಪ್ರಶ್ನೆ. ಚಿತ್ರದುರ್ಗದ ನಿಲಯದ ಮಕ್ಕಳ ಮಾತು ಕಿವಿಗೊಟ್ಟು ಕೇಳಿಸಿಕೊಂಡವರು ದೂರದ ಮೈಸೂರಿನಲ್ಲಿ ಏಕೆ ಸಿಗಬೇಕಾಯಿತು? ನಮ್ಮ ಯಲಬುರ್ಗಾದ ಒಬ್ಬ ಮಗುವಿಗೆ ಹೇಳಿಕೊಳ್ಳುವ ದುಃಖವಿದ್ದರೆ ಅದು ಎಷ್ಟು ಮೈಲಿ ನಡೆಯಬೇಕು?

ಅನ್ಯರ ಮನೆಯ ಪಾಠವನ್ನೂ ನೋಡೋಣ. ಅಮೆರಿಕದ ಬೋಸ್ಟನ್ನಿನಲ್ಲಿ ಕ್ರೈಸ್ತ ಧರ್ಮಾಧಿಕಾರಿಗಳು ತಪ್ಪಿತಸ್ಥ ಪಾದ್ರಿಗಳನ್ನು ಊರಿಂದೂರಿಗೆ ವರ್ಗಾಯಿಸಿ ಮುಚ್ಚಿಟ್ಟದ್ದು 2002ರಲ್ಲಿ ಬಯಲಾಯಿತು. ಕಾರ್ಡಿನಲ್ ಲಾ ಆ ವರ್ಷವೇ ರಾಜೀನಾಮೆ ಕೊಟ್ಟರು. ಭಕ್ತರ ಮನಸ್ಸನ್ನು ಹೆಚ್ಚು ನೋಯಿಸಿದ್ದು ಅಪರಾಧವೋ, ಮುಚ್ಚಿಟ್ಟದ್ದೋ ಹೇಳುವುದು ಕಷ್ಟ.

ಪಂಚಾಚಾರಗಳಲ್ಲಿ ಗಣಾಚಾರವೂ ಒಂದು. ಶಿವನಿಂದೆ, ಶರಣನಿಂದೆಗಳನ್ನು ಕೇಳಿ ಸುಮ್ಮನಿರಬಾರದೆಂಬುದು ಅದರ ಪ್ರಸಿದ್ಧವಾದ ಅರ್ಥ. ಈ ಅರ್ಥವನ್ನೇ ಹಿಡಿದು ದೂರು ಕೊಟ್ಟವರ ಬಾಯಿ ಮುಚ್ಚಿಸಲು ಹೊರಡುವವರುಂಟು. ಧರ್ಮಕ್ಕೆ ಕುಂದು ಬಂದಾಗ ಎದ್ದು ನಿಲ್ಲುವುದು ಗಣಾಚಾರವಾದರೆ, ಲಿಂಗ ಕಟ್ಟಿಸಿಕೊಂಡ ಮಗುವಿಗೆ ಬಂದ ಕುಂದು ಧರ್ಮಕ್ಕೆ ಬಂದದ್ದಲ್ಲವೇ? ಹನ್ನೆರಡನೆಯ ಶತಮಾನದ ಶರಣರು ಜಂಗಮವನ್ನು ಲಿಂಗಕ್ಕೆ ಸಮವೆಂದರು, ನಿಜ. ವೇಷಧಾರಿಗಳನ್ನು ಅವರಷ್ಟು ನಿಷ್ಠುರವಾಗಿ ಖಂಡಿಸಿದವರೂ ಇಲ್ಲ.

ಕಾನೂನು ಈಗ ಸ್ಪಷ್ಟವಾಗಿದೆ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ, ಇಂತಹ ಅಪರಾಧ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸಜೆಯುಂಟು. ಧಾರ್ಮಿಕ ಸಂಸ್ಥೆಯ ಆಡಳಿತದವರು ತಮ್ಮಲ್ಲಿರುವ ಮಗುವಿನ ಮೇಲೆ ಎಸಗಿದ ಕೃತ್ಯವನ್ನು ಅದು ಹೆಚ್ಚು ಘೋರವೆಂದು ಎಣಿಸುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ಮಗುವಿನ ಹೆಸರು ಹೊರಬರಕೂಡದು. ಹಗೆಯಿಂದ ಸುಳ್ಳು ದೂರು ಕೊಟ್ಟ ವಯಸ್ಕರಿಗೂ ಅದರಲ್ಲಿ ಶಿಕ್ಷೆಯಿದೆ. ಆದುದರಿಂದ ಸಜ್ಜನ ಸ್ವಾಮಿಗಳು ಈ ಕಾಯಿದೆಗೆ ಅಂಜಬೇಕಾಗಿಲ್ಲ. ಆದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆಂದೂ ಅದು ಹೇಳುತ್ತದೆ. ಚಿತ್ರದುರ್ಗದಲ್ಲಿ ದೂರಿನಿಂದ ತೀರ್ಪಿಗೆ ಮೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಅಷ್ಟರಲ್ಲಿ ಬಾಲಕಿ ತರುಣಿಯಾಗುತ್ತಾಳೆ, ಸಾಕ್ಷಿಗಳ ನೆನಪು ಮಸುಕಾಗುತ್ತದೆ. ಇದು ಆರೋಪಿಗೂ ಅನ್ಯಾಯವೇ.

ಆದ ಕಾರಣ ಜಿಲ್ಲಾಡಳಿತಕ್ಕೂ ಪೊಲೀಸ್ ಇಲಾಖೆಗೂ ನಮ್ಮ ಆಗ್ರಹವಿಷ್ಟು. ಯಾವ ಪಂಥದ, ಯಾವ ಪೀಠದ ಕಾವಿಯೇ ಆಗಲಿ, ಮಗುವಿನ ದೂರು ಬಂದ ದಿನವೇ ಎಫ್‌ಐಆರ್ ಆಗಲಿ. ಊರ ಹಿರಿಯರನ್ನು ಠಾಣೆಗೆ ಕರೆಸಿ ರಾಜಿ ಪಂಚಾಯಿತಿ ನಡೆಸುವುದು ನಿಲ್ಲಲಿ. ಮಕ್ಕಳ ಕಲ್ಯಾಣ ಸಮಿತಿಯವರು ನಿಲಯಗಳಿಗೆ ಮುಂಚಿತವಾಗಿ ಹೇಳದೆ ಭೇಟಿ ಕೊಡಲಿ. ತೋರಣ ಕಟ್ಟಿ, ಶಾಲು ಹೊದಿಸಿ ಕಳುಹಿಸುವ ಭೇಟಿ ಬೇಡ.

ಮಠಗಳ ಆಡಳಿತದವರೂ ಬಾಗಿಲು ತೆರೆದಿಡಬೇಕು. ಹೆಣ್ಣುಮಕ್ಕಳ ನಿಲಯಕ್ಕೆ ಮಹಿಳೆಯರೇ ಇರುವ ಉಸ್ತುವಾರಿ, ರಾತ್ರಿ ಯಾವ ಮಗುವನ್ನೂ ಒಂಟಿಯಾಗಿ ಯಾರ ಕೋಣೆಗೂ ಸೇವೆಗೆಂದು ಕಳುಹಿಸದ ಕಟ್ಟುನಿಟ್ಟು, ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆ. ಇವಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ತಾಯಂದಿರಿಗೆ ಒಂದು ಮಾತು. ಜಾತ್ರೆಗೆ ಬಂದಾಗ ಮಗುವನ್ನು ಒಂದು ಗಳಿಗೆ ಮರದಡಿಗೆ ಕರೆದೊಯ್ದು, ಯಾರೂ ಇಲ್ಲದಲ್ಲಿ ಕೂಡಿಸಿಕೊಂಡು ಮಾತನಾಡಿಸಿರಿ. "ನಾ ಇಲ್ಲಿ ಇರಾಂಗಿಲ್ಲ" ಎಂದು ಅತ್ತರೆ, ಓದಿಗೆ ಅಂಜಿ ಅಳುತ್ತಾನೆಂದು ಗದರಿಸಬೇಡಿರಿ. ಏಕೆಂದು ಕೇಳಿರಿ, ಉತ್ತರ ಬರುವವರೆಗೆ ಬಸ್ಸು ಹತ್ತಬೇಡಿರಿ.