ಇಗರ್ಜಿಯ ಸಂಪತ್ತು

ಜನವರಿ ತಿಂಗಳು ಬಂತೆಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಅತ್ತೂರು ಜಾತ್ರೆಯದೇ ಮಾತು. ಕಾರ್ಕಳದ ಹತ್ತಿರದ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿ ಉಂಟು. 2016ರಲ್ಲಿ ಅದಕ್ಕೆ ಬಸಿಲಿಕಾ ಎಂಬ ಗೌರವ ಸಿಕ್ಕಿತು. ಅಲ್ಲಿಗೆ ಕ್ರೈಸ್ತರ ಜೊತೆಗೆ ಬೇರೆ ಧರ್ಮದವರೂ ಹರಕೆ ಹೊತ್ತು ಹೋಗುತ್ತಾರೆ. ನನ್ನ ತಮ್ಮನಿಗೆ ಜ್ವರ ಬಿಡದೇ ಇದ್ದಾಗ ಅಜ್ಜಿ ಮೊಂಬತ್ತಿಯ ಹರಕೆ ಹೇಳಿಕೊಂಡಿದ್ದರು. ಅದನ್ನು ತೀರಿಸಲು ಈ ವರ್ಷ ನಾನೂ ಅಜ್ಜಿಯ ಜೊತೆ ಹೋದೆ. ನೆರೆಮನೆಯ ಬಾಯಮ್ಮನೂ ಬಂದಿದ್ದರು.

ದಾರಿಯ ಬದಿಯಲ್ಲಿ ಭಿಕ್ಷುಕರು ಸಾಲಾಗಿ ಕೂತಿದ್ದರು. ಅಜ್ಜಿ ನನ್ನ ಕೈಗೆ ಚಿಲ್ಲರೆ ಕೊಟ್ಟು, "ಒಬ್ಬೊಬ್ಬರಿಗೆ ಹಾಕುತ್ತಾ ಬಾ" ಅಂದರು. ಬೆರಳುಗಳಿಲ್ಲದ ಒಬ್ಬ ಅಜ್ಜ ಕೈ ಚಾಚಿದಾಗ ನನಗೆ ಹೆದರಿಕೆಯಾಯಿತು. ದೂರದಿಂದಲೇ ನಾಣ್ಯ ಎಸೆದೆ. ಅದು ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು. ಬಾಯಮ್ಮ ನೋಡಿದರು, ಆದರೆ ಬೈಯಲಿಲ್ಲ. ಬಗ್ಗಿ, ತಮ್ಮಲ್ಲಿದ್ದ ನಾಣ್ಯವನ್ನು ಆ ಅಜ್ಜನ ಅಂಗೈಯಲ್ಲಿ ಇಟ್ಟರು.

ಮೊಂಬತ್ತಿ ಹಚ್ಚಿ ಆದ ಮೇಲೆ ನಾವು ನೆರಳಿನಲ್ಲಿ ಕೂತೆವು. "ಲಾರೆನ್ಸರು ಯಾರು ಗೊತ್ತುಂಟಾ ಮಗಾ?" ಎಂದು ಬಾಯಮ್ಮ ಕೇಳಿದರು. ನಾನು ಗೊತ್ತಿಲ್ಲ ಅಂದೆ. ಅವರು ಹೇಳಿದ ಕತೆ ಹೀಗಿದೆ:

ಲಾರೆನ್ಸರು ರೋಮ್ ನಗರದಲ್ಲಿ ಪೋಪರಿಗೆ ನೆರವಾಗುತ್ತಿದ್ದ ಏಳು ಮಂದಿ ಡೀಕನ್‌ಗಳಲ್ಲಿ ಒಬ್ಬರು. ಇಗರ್ಜಿಯ ಹಣ ನೋಡಿಕೊಳ್ಳುವುದು, ಬಡವರಿಗೆ ಹಂಚುವುದು ಅವರ ಕೆಲಸ. ಕ್ರಿ.ಶ. 258ರಲ್ಲಿ ವಲೇರಿಯನ್ ಚಕ್ರವರ್ತಿ ಕ್ರೈಸ್ತ ಗುರುಗಳನ್ನು ಕೊಲ್ಲಲು ಆಜ್ಞೆ ಮಾಡಿದ. ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್ಟಸ್ ಅವರನ್ನು ಕೊಂದರು. ಆಮೇಲೆ ನಗರದ ಅಧಿಕಾರಿ ಲಾರೆನ್ಸರನ್ನು ಕರೆಸಿ, ಇಗರ್ಜಿಯ ಸಂಪತ್ತನ್ನೆಲ್ಲ ತಂದು ಒಪ್ಪಿಸಬೇಕು ಎಂದನಂತೆ. ಲಾರೆನ್ಸರು ಸಮಯ ಕೇಳಿ, ಇದ್ದ ಹಣವನ್ನೆಲ್ಲ ಹಂಚಿಬಿಟ್ಟರು. ನಂತರ ಕುರುಡರು, ಕುಂಟರು, ವಿಧವೆಯರು, ರೋಗಿಗಳು ಇವರನ್ನೆಲ್ಲ ಕರೆತಂದು, ಇವರೇ ನಮ್ಮ ಸಂಪತ್ತು ಎಂದು ತೋರಿಸಿದರಂತೆ. ಆಗಸ್ಟ್ 10ರಂದು ಅವರನ್ನೂ ಕೊಂದರು. ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟರೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಅದಕ್ಕೇ ಚಿತ್ರಗಳಲ್ಲಿ ಅವರ ಜೊತೆ ಜಾಲರಿ ಇರುತ್ತದೆ. ತಲೆ ಕಡಿದಿರಬೇಕೆಂದು ಕೆಲವು ಚರಿತ್ರೆಕಾರರ ಅಭಿಪ್ರಾಯ ಎಂದು ನಮ್ಮ ಸಮಾಜದ ಮೇಷ್ಟ್ರು ಆಮೇಲೆ ಹೇಳಿದರು.

ಕತೆ ಮುಗಿದಾಗ ನನಗೆ ಚರಂಡಿಗೆ ಬಿದ್ದ ನಾಣ್ಯದ ನೆನಪಾಯಿತು. ವಾಪಸು ಬರುವಾಗ ಆ ಅಜ್ಜನನ್ನು ಹುಡುಕಿದೆ. ಅದೇ ಜಾಗದಲ್ಲಿ ಕೂತಿದ್ದರು. ಐಸ್‌ಕ್ರೀಮಿಗೆ ಅಂತ ಇಟ್ಟುಕೊಂಡಿದ್ದ ಹತ್ತು ರೂಪಾಯಿಯನ್ನು ಅವರ ಅಂಗೈಯಲ್ಲಿ ಇಟ್ಟೆ. ಅವರ ಕೈ ಬೆಚ್ಚಗಿತ್ತು, ನನ್ನ ಅಜ್ಜಿಯ ಕೈ ಹಾಗೆಯೇ.

ಇನ್ನೊಂದು ವಿಷಯ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಮ್ಮ ತರಗತಿಯ ಒಬ್ಬ ಹುಡುಗನ ಅಪ್ಪ ಗುಜರಿ ಹೆಕ್ಕುವವರು. ಅವನ ಬಟ್ಟೆ ವಾಸನೆ ಬರುತ್ತದೆಂದು ಜೂನ್‌ನಲ್ಲೇ ನಾನು ಬೆಂಚು ಬದಲಾಯಿಸಿದ್ದೆ. ಜಾತ್ರೆ ಮುಗಿದ ಸೋಮವಾರ ಅವನ ಹತ್ತಿರ ಹೋಗಿ ಕೂತೆ. ಅವನು ಮಾತಾಡಲಿಲ್ಲ. ಇಬ್ಬರ ನಡುವೆ ತನ್ನ ಚೀಲ ಇಟ್ಟ. ಮರುದಿನವೂ ಇಟ್ಟ. ಬುಧವಾರ ಚೀಲವನ್ನು ಕೆಳಗಿಟ್ಟು, "ರಬ್ಬರ್ ಉಂಟಾ?" ಅಂತ ಕೇಳಿದ.

ಕೊಟ್ಟೆ.

– ಏಳನೆಯ ತರಗತಿ