ಗ್ಲೈಡರಿಗೆ ಹಲ್ಲೆಣಿಸಿದ್ದು

ವಿಮಾನ ಕೊಳ್ಳುವವರು ಕನ್ನಡ ಅಧ್ಯಾಪಕರ ಸಲಹೆ ಕೇಳುವುದು ಅಪರೂಪ. ಚನ್ನಗಿರಿ, ಹೊನ್ನಾಳಿ, ಈಗ ಜಗಳೂರು ಎಂದು ವರ್ಗವಾದ ಕಡೆಗಳಲ್ಲೆಲ್ಲ ಜನ ನನ್ನನ್ನು ಕೇಳುತ್ತ ಬಂದಿರುವುದು ಮದುವೆಯ ಕರೆಯೋಲೆಯ ಒಕ್ಕಣೆಯನ್ನು. ಹೆಚ್ಚೆಂದರೆ ಹೊಸ ಮನೆಗೊಂದು ಹೆಸರನ್ನು. ಅಂಥ ನನ್ನ ಪಾಲಿಗೆ ಕಳೆದ ಬೇಸಿಗೆಯಲ್ಲಿ ನಾಲ್ಕು ವಾರ ಒಂದು ಹಳೆಯ ವಿಮಾನದ ಯೋಗ್ಯತೆಯನ್ನು ತೂಗುವ ಕೆಲಸ ಬಂದಿತ್ತು. ತೂಗಿದ್ದು ಹೇಗೆಂದು ಹೇಳುವ ಮೊದಲು, ಅದು ನನ್ನ ಬಳಿಗೆ ಬಂದದ್ದು ಹೇಗೆಂದು ಹೇಳಿಬಿಡುತ್ತೇನೆ.

ನ್ಯಾಮತಿಯಲ್ಲಿ ನನ್ನ ಅಕ್ಕ ಇದ್ದಾಳೆ. ಭಾವ ಎಂಟು ವರ್ಷದ ಹಿಂದೆ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ರಸ್ತೆಯಲ್ಲಿ ತೀರಿಕೊಂಡರು. ಒಬ್ಬನೇ ಮಗ. ಓದಿ ಎಂಜಿನಿಯರಾಗಿ ಜರ್ಮನಿಯ ದಕ್ಷಿಣ ಭಾಗದ ಒಂದು ಊರಿನಲ್ಲಿ ಕೆಲಸಕ್ಕಿದ್ದಾನೆ. ಶನಿವಾರ, ಭಾನುವಾರ ಕ್ಲಬ್ಬಿಗೆ ಹೋಗುತ್ತೇನೆ ಎಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದ. ಕ್ಲಬ್ಬೆಂದರೆ ಇಸ್ಪೀಟೆಂದು ತಿಳಿದು ಅಕ್ಕ ಅದಕ್ಕೆ ಬೇಕಾದಷ್ಟು ದುಃಖವನ್ನು ಆಗಲೇ ಪಟ್ಟು ಮುಗಿಸಿದ್ದಳು. ಆಮೇಲೆ ತಿಳಿಯಿತು: ಅದು ಗ್ಲೈಡರು ಹಾರಿಸುವವರ ಕ್ಲಬ್ಬು. ಹುಡುಗ ಕಲಿತು, ಪರೀಕ್ಷೆ ಕೊಟ್ಟು, ಲೈಸೆನ್ಸು ಪಡೆದಿದ್ದಾನೆ. ಈಗ ಸ್ವಂತಕ್ಕೊಂದು ಹಳೆಯ ಗ್ಲೈಡರು ಕೊಳ್ಳಬೇಕೆಂದಿದ್ದಾನೆ. ಇಸ್ಪೀಟೇ ಎಷ್ಟೋ ಮೇಲಿತ್ತಲ್ಲ ಎಂದಳು ಅಕ್ಕ.

“ನೀನು ಓದಿದೋನು. ನಾಲ್ಕು ಕಡೆ ವಿಚಾರಿಸಿ ಹೇಳು. ನೀನು ಬೇಡ ಅಂದ್ರೆ ನಾನೂ ಬೇಡ ಅಂತೀನಿ. ಅವನು ನನ್ನ ಮಾತು ಮೀರೋನಲ್ಲ.”

ಅವನು ಮೀರುವವನಲ್ಲ ಎಂಬುದು ನನಗೂ ಗೊತ್ತು. ತೊಂದರೆಯಾದದ್ದೇ ಅದರಿಂದ. ನಾನು ಬೇಡವೆಂದರೆ ಹುಡುಗ ಸುಮ್ಮನಾಗುತ್ತಾನೆ, ಒಳಗೊಳಗೇ ಕೊರಗುತ್ತಾನೆ. ಆಗಲಿ ಎಂದು, ನಾಳೆ ಏನಾದರೂ ಆದರೆ, ನಾನು ನ್ಯಾಮತಿಯ ಬಸ್ಸು ಹತ್ತುವುದು ಯಾವ ಮುಖದಿಂದ?

ಗ್ಲೈಡರೆಂದರೆ ಎಂಜಿನ್ನಿಲ್ಲದ ವಿಮಾನ. ರಾಟೆಗೆ ಕಟ್ಟಿದ ಉದ್ದನೆಯ ಹಗ್ಗದಿಂದಲೋ ಇನ್ನೊಂದು ವಿಮಾನದಿಂದಲೋ ಎಳೆಸಿಕೊಂಡು ಮೇಲೇರುತ್ತದೆ. ಹಗ್ಗ ಕಳಚಿದ ಮೇಲೆ ಅದಕ್ಕೆ ಗಾಳಿಯೇ ಗತಿ. ಹಾಗೆಂದು ಕಲ್ಲಿನಂತೆ ಬೀಳುವುದಿಲ್ಲ. ಜಗಳೂರಿನಲ್ಲಿ ಮಾರ್ಚಿ ತಿಂಗಳ ಮಧ್ಯಾಹ್ನ ಕಾಲೇಜಿನ ಜಗಲಿಯಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಕಾಣದ ಹೊಲ ಕಾದು ಕಾವಲಿಯಾಗಿರುತ್ತದೆ. ಅದರ ಮೇಲಿನ ಗಾಳಿ ಬಿಸಿಯಾಗಿ, ಹಗುರವಾಗಿ, ಕಂಬದಂತೆ ಮೇಲೇಳುತ್ತದೆ. ಹದ್ದು ಆ ಕಂಬವನ್ನು ಹುಡುಕಿಕೊಂಡು, ಒಂದು ಸಲವೂ ರೆಕ್ಕೆ ಬಡಿಯದೆ, ಸುತ್ತು ಹಾಕುತ್ತ ಹಾಕುತ್ತ ಚುಕ್ಕೆಯಾಗುತ್ತದೆ. ಗ್ಲೈಡರಿನವನೂ ಮಾಡುವುದು ಅದನ್ನೇ. ಬಡ ಬಯಲುಸೀಮೆಯ ಬಿಸಿಲಿಗೂ ಇಂಥದೊಂದು ಉಪಯೋಗವಿದೆ ಎಂದು ನಮ್ಮ ತಾಲ್ಲೂಕಿನವರು ಸ್ವಲ್ಪ ಹೆಮ್ಮೆ ಪಡಬಹುದು.

ನಮ್ಮ ದೇಶಕ್ಕೂ ಇದು ಹೊಸತೇನಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೇ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರು ಹತ್ತು ಜನ ಕೂರುವ ಗ್ಲೈಡರೊಂದನ್ನು ರೂಪಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಇಲ್ಲಿ ಕಟ್ಟಿದ ಗ್ಲೈಡರುಗಳ ಹೆಸರು ಕೇಳಿ: ಅಶ್ವಿನಿ, ಭರಣಿ, ರೋಹಿಣಿ, ಮೃಗಶಿರ, ಆರ್ದ್ರಾ. ರೋಹಿಣಿ ಮೊದಲು ಹಾರಿದ್ದು 1961ರಲ್ಲಿ, ಆರ್ದ್ರಾ 1979ರಲ್ಲಿ. ನಮ್ಮ ರೈತರು ಬಿತ್ತನೆಗೆ ಲೆಕ್ಕ ಹಾಕುವ ಮಳೆಗಳ ಸಾಲೇ ಅದು! ಹೆಸರಿಟ್ಟವರು ಆಕಾಶ ನೋಡಿ ಇಟ್ಟರೋ ಹೊಲ ನೋಡಿ ಇಟ್ಟರೋ, ನನಗಂತೂ ಆ ಪಟ್ಟಿ ಓದಿ ಈ ವಿದ್ಯೆ ಅರ್ಧ ನಮ್ಮದೇ ಅನ್ನಿಸಿತು. ಆದರೆ ಇಲ್ಲಿ ಗ್ಲೈಡರುಗಳು ಬಹುಮಟ್ಟಿಗೆ ಕ್ಲಬ್ಬು, ಎನ್.ಸಿ.ಸಿ. ಮುಂತಾದವುಗಳ ಸೊತ್ತು, ಸಂಬಳದಾರನೊಬ್ಬ ಸಂತೆಗೆ ಹೋದಂತೆ ಹೋಗಿ ಒಂದನ್ನು ಹಿಡಿದು ತರುವ ರೂಢಿಯಿಲ್ಲ. ಜರ್ಮನಿಯಲ್ಲಿ ಅದು ಉಂಟು. ಮೊದಲನೆಯ ಮಹಾಯುದ್ಧದಲ್ಲಿ ಸೋತವರಿಗೆ 1919ರ ವರ್ಸೇಲ್ಸ್ ಒಪ್ಪಂದ ವಿಮಾನ ಕಟ್ಟಲು ಅಡ್ಡಿ ಮಾಡಿತು. ಎಂಜಿನ್ನಿಲ್ಲದಿದ್ದರೆ ಬೇಡ ಎಂದು ಅಲ್ಲಿನ ಹುಡುಗರು 1920ರಲ್ಲಿ ವಾಸ್ಸರ್‌ಕುಪ್ಪೆ ಎಂಬ ಗುಡ್ಡದ ಮೇಲೆ ಗ್ಲೈಡರಿನ ಪಂದ್ಯವನ್ನೇ ಹೂಡಿದರು. ಅಂದಿನಿಂದ ಆ ನಾಡಿನಲ್ಲಿ ಇದು ಊರೂರಿನ ಆಟ. ಆಟವಿದ್ದಲ್ಲಿ ಹಳೆಯ ಸಾಮಾನಿನ ಮಾರಾಟವೂ ಇದ್ದೇ ಇರುತ್ತದೆ.

ಅಳಿಯ ಮೂರು ಗ್ಲೈಡರುಗಳ ಚಿತ್ರ, ಬೆಲೆ, ವಿವರಗಳನ್ನು ನನ್ನ ಮೊಬೈಲಿಗೆ ಕಳಿಸಿದ. ನನಗೆ ತಿಳಿದಿದ್ದ ಹಳೆಯ ವಸ್ತುಗಳ ವ್ಯಾಪಾರ ಒಂದೇ: ಎತ್ತಿನದು. ಹೊನ್ನಾಳಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜ ಎತ್ತು ನೋಡುವುದರಲ್ಲಿ ಹೆಸರಾದವರು. ಚಿಕ್ಕವನಿದ್ದಾಗ ಅವರ ಬೆನ್ನು ಹಿಡಿದು ದನದ ಜಾತ್ರೆಗೆ ಹೋಗಿದ್ದೇನೆ. ಟವೆಲಿನ ಕೆಳಗೆ ಬೆರಳು ಹಿಡಿದು ನಡೆಯುವ ಬೆಲೆಯ ಮಾತು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಜ್ಜನ ನಿಜವಾದ ಕೆಲಸ ಅದಕ್ಕೆ ಬಹಳ ಮುಂಚೆ ಮುಗಿದಿರುತ್ತಿತ್ತು. ಹಲ್ಲು ಎಣಿಸುವರು. ಸುಳಿ ನೋಡುವರು. ಹೆಗಲ ಮೇಲೆ ಕೈಯಾಡಿಸಿ ನೊಗದ ಗಾಯ ಹುಡುಕುವರು. ನಾಲ್ಕು ಹೆಜ್ಜೆ ನಡೆಸುವರು. ಕೊನೆಗೆ ಮಾರುವವನ ಕಡೆ ತಿರುಗಿ, “ನಿಂದು ಕೊಟ್ಟಿಗೆ ಎಲ್ಲೈತಪ್ಪಾ?” ಎಂದು ಕೇಳುವರು. ಹೊಸದಾಗಿ ಆರಂಭ ಹೂಡುವವನಿಗೆ ಅವರು ಎಂದೂ ಎಳೆಯ ಹೋರಿ ಕೊಡಿಸಿದವರಲ್ಲ. ಬಾಯಿಗೂಡಿದ, ಸಾಲು ಬಲ್ಲ ಎತ್ತೇ ಬೇಕು. ಅವನಿಗೆ ಅದು ಕಲಿಸಬೇಕೇ ಹೊರತು ಅದಕ್ಕೆ ಅವನು ಕಲಿಸುವ ಹಾಗಿರಬಾರದು ಎನ್ನುವರು.

ಮೂರರಲ್ಲಿ ಮೊದಲನೆಯದು ಎಳೆಯ ಹೋರಿ. ಗಾಜಿನೆಳೆಯಿಂದ ಮಾಡಿದ, ಹಂಸದಂತೆ ಬೆಳ್ಳಗಿನ, ತೀಡಿದಂಥ ಮೈಯ ಗ್ಲೈಡರು. ಬೆಲೆಯೂ ಅಂಥ ಹೆಚ್ಚಲ್ಲ. ಆದರೆ ಅದು ವೇಗದ್ದು. ಇಳಿಯುವಾಗ ನೆಲದ ಹತ್ತಿರ ಬಂದ ಮೇಲೂ ಮುಂದೆ ಮುಂದೆ ಓಡುವ ಜಾತಿಯದು. ಕೈ ಪಳಗಿದವನಿಗೆ ಅದು ಸಂತೋಷ. ಹೊಸಬನಿಗೆ ಚಿಕ್ಕ ಬಯಲು ಕಂಡಾಗ ಪ್ರಾಣಸಂಕಟ. ಅಲ್ಲದೆ ಆ ಬಿಳಿಯ ಲೇಪ ವಯಸ್ಸಾದಂತೆ ಕೂದಲೆಳೆಯಂಥ ಬಿರುಕು ಬಿಡುತ್ತದಂತೆ. ಅದನ್ನೆಲ್ಲ ಉಜ್ಜಿ ತೆಗೆದು ಹೊಸ ಲೇಪ ಹಾಕಿಸಲು ನೂರಾರು ಗಂಟೆಗಳ ಕೆಲಸ. ಎಷ್ಟೋ ವೇಳೆ ಖರ್ಚು ಗ್ಲೈಡರಿನ ಬೆಲೆಯನ್ನೇ ಮೀರುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ರೆಕ್ಕೆಯ ಮೇಲೆ ಬೇಸಿಗೆಯ ಕೆರೆಯಂಗಳ ಕಾಣಿಸಿತು.

ಉಳಿದೆರಡೂ ಒಂದೇ ತಳಿ, ಕಾ-8 ಎಂಬುದು. ‘ಕಾ’ ಎಂದರೆ ಕೈಸರ್. ರುಡಾಲ್ಫ್ ಕೈಸರ್ ಎಂಬಾತ ಅದನ್ನು ರೂಪಿಸಿದವನು. 1957ರಲ್ಲಿ ಮೊದಲು ಹಾರಿತು. ಸಾವಿರಕ್ಕೂ ಮೇಲ್ಪಟ್ಟು ಕಟ್ಟಿದ್ದಾರೆ. ಒಬ್ಬನೇ ಕೂರುವುದು. ಮೈಗೆ ಉಕ್ಕಿನ ಕೊಳವೆಯ ಚೌಕಟ್ಟು, ಅದರ ಮೇಲೆ ಬಟ್ಟೆ. ರೆಕ್ಕೆ ಮರದ್ದು, ತುದಿಯಿಂದ ತುದಿಗೆ 15 ಮೀಟರು. ಗಾಳಿ ನಿಂತಿರುವಾಗ 1 ಕಿಲೋಮೀಟರು ಎತ್ತರದಿಂದ ಬಿಟ್ಟರೆ ಸುಮಾರು 27 ಕಿಲೋಮೀಟರು ತೇಲಿಕೊಂಡು ಹೋಗುತ್ತದೆ. ಹೊನ್ನಾಳಿಯ ಹೊಳೆಯ ಮೇಲೆ ಬಿಟ್ಟರೆ ನ್ಯಾಮತಿಗೆ ಬಂದು ಇನ್ನೂ ಮಿಗುತ್ತದೆ. ಈಗಿನವು ಇದರ ಎರಡರಷ್ಟು ದೂರ ಹೋಗುತ್ತವೆ. ಆದರೆ ಇದು ನಿಧಾನದ್ದು, ಸಣ್ಣ ಬಯಲಿನಲ್ಲೂ ಇಳಿಯುವಂಥದು, ಹೊಸಬರಿಗೆಂದು ಕ್ಲಬ್ಬುಗಳು ಸಾಕಿಕೊಂಡು ಬಂದದ್ದು. 1927ರಲ್ಲಿ ಶುರುವಾದ ಅದರ ಕಾರ್ಖಾನೆ ಇನ್ನೂ ಬಾಗಿಲು ಮುಚ್ಚಿಲ್ಲ. ಒಂದು ಭಾಗ ಕೆಟ್ಟರೆ ಕೇಳುವುದಕ್ಕೆ ಒಂದು ಮನೆಯಿದೆ. ಹಳೆಯದನ್ನು ಕೊಳ್ಳುವವನಿಗೆ ಇದು ಸಣ್ಣ ಮಾತಲ್ಲ.

ಎರಡು ಕಾ-8ರಲ್ಲಿ ಒಂದು ದೂರದ ಉತ್ತರದಲ್ಲಿ, ಸಮುದ್ರದ ಹತ್ತಿರ, 2,500 ಯೂರೋ. ಇನ್ನೊಂದು ಅವನ ಕ್ಲಬ್ಬಿನಲ್ಲೇ. 4,000 ಯೂರೋ, ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕು ಲಕ್ಷ. ಹುಡುಗನ ಮನಸ್ಸು ಉತ್ತರದ ಕಡೆಗೆ ವಾಲಿತ್ತು. ಒಂದೂವರೆ ಸಾವಿರದ ಉಳಿತಾಯ ಯಾರಿಗೆ ಬೇಡ?

ನಾನು ಅಜ್ಜನ ಪ್ರಶ್ನೆಯನ್ನೇ ಕೇಳಿದೆ: “ಅದರ ಕೊಟ್ಟಿಗೆ ಎಲ್ಲಿದೆಯಪ್ಪ?”

“ಕೊಟ್ಟಿಗೆ ಅಂದ್ರೆ, ಮಾವ?”

“ರಾತ್ರಿ ಎಲ್ಲಿ ಕಟ್ಟುತ್ತಾರೆ?”

ಗ್ಲೈಡರಿನ ರೆಕ್ಕೆ ಕಳಚಿ, ಉದ್ದನೆಯ ಮುಚ್ಚಿದ ಗಾಡಿಯೊಂದರಲ್ಲಿ ಇಟ್ಟು ಕಾರಿಗೆ ಕಟ್ಟಿ ಎಳೆಯುತ್ತಾರೆ. ಉತ್ತರದ್ದು ಆರು ವರ್ಷದಿಂದ ಆ ಗಾಡಿಯಲ್ಲೇ ಮಲಗಿದೆ, ಹಾರಿಲ್ಲ ಎಂದು ಗೊತ್ತಾಯಿತು. ಮರದ ರೆಕ್ಕೆಯ ಪ್ರಾಣವಿರುವುದು ಅಂಟಿನಲ್ಲಿ. ಹಳೆಯ ಅಂಟಿಗೆ ತೇವ ಶತ್ರು. ಹುಡುಗ ರಜೆ ಹಾಕಿ ಹೋಗಿ ನೋಡಿ ಬಂದ. ಗಾಡಿಯ ನೆಲದ ಹಲಗೆಯಲ್ಲಿ ನೀರು ನಿಂತ ಕಲೆ, ಒಳಗೆ ಬೂಷ್ಟಿನ ವಾಸನೆ. ಮೈ ಮೇಲೆ ಮಾತ್ರ ಹೊಸ ಬಣ್ಣ. ಮಾರುವ ಎತ್ತಿನ ಕೊಂಬಿಗೆ ಬಣ್ಣ ಬಳಿಯುವುದು ನಮ್ಮಲ್ಲಷ್ಟೇ ಅಲ್ಲ ಎಂದು ಸಮಾಧಾನವಾಯಿತು.

ಅಗ್ಗದ ಮಾತಿಗೆ ನನಗೆ ಓದಿ ತಿಳಿದ ಇನ್ನೊಂದು ಸಂಗತಿ ಹೇಳಬೇಕು. ಬ್ಲಾನಿಕ್ ಎಂಬ ಚೆಕ್ ದೇಶದ ಲೋಹದ ಗ್ಲೈಡರು 1956ರಿಂದ ಸಾವಿರಗಟ್ಟಲೆ ತಯಾರಾಗಿ ಎಷ್ಟೋ ದೇಶಗಳಲ್ಲಿ ಜನರಿಗೆ ಹಾರಲು ಕಲಿಸಿತು. 2010ರಲ್ಲಿ ಆಸ್ಟ್ರಿಯಾದಲ್ಲಿ ಹಾರುತ್ತಿದ್ದಾಗಲೇ ಒಂದರ ರೆಕ್ಕೆ ಮುರಿಯಿತು. ಲೋಹ ಒಳಗೇ ದಣಿದಿತ್ತು. ಆ ಜಾತಿಯ ಗ್ಲೈಡರುಗಳನ್ನು ನೆಲಕ್ಕಿಳಿಸಿದರು. ಹೊರಗಿನಿಂದ ನೋಡುವವನಿಗೆ ಅದರಲ್ಲಿ ಯಾವ ಕುಂದೂ ಕಾಣುತ್ತಿರಲಿಲ್ಲ. ಇದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಹುಡುಗನಿಗೆ ಎರಡು ಸಲ ಹೇಳಿದೆ.

ಇನ್ನುಳಿದದ್ದು ಕ್ಲಬ್ಬಿನಲ್ಲಿದ್ದದ್ದು. 1964ರಲ್ಲಿ ಕಟ್ಟಿದ್ದು, ನನಗಿಂತ ಹಿರಿಯದು. ಅದರ ಪುಸ್ತಕವನ್ನು ಹುಡುಗ ಪುಟಪುಟವಾಗಿ ಚಿತ್ರ ತೆಗೆದು ಕಳಿಸಿದ. ಎಷ್ಟು ಸಲ ಏರಿತು, ಎಷ್ಟು ಗಂಟೆ ಹಾರಿತು, ಎಲ್ಲಿ ತಗುಲಿತು, ಯಾರು ದುರಸ್ತಿ ಮಾಡಿದರು, ವರ್ಷವರ್ಷದ ತಪಾಸಣೆಯಲ್ಲಿ ಏನು ಬರೆದರು, ಎಲ್ಲವೂ ಅದರಲ್ಲಿದೆ. ಜರ್ಮನ್ ಭಾಷೆ ಬಾರದಿದ್ದರೂ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಹಸ್ತಪ್ರತಿ ನೋಡಿ ರೂಢಿಯಿರುವವನಿಗೆ ಕೈ ಬದಲಾದದ್ದು, ಸಾಲು ಬಿಟ್ಟದ್ದು ಭಾಷೆಯಿಲ್ಲದೆಯೂ ತಿಳಿಯುತ್ತದೆ. ಇಲ್ಲಿ ಕೊನೆಯ ಮೂವತ್ತು ವರ್ಷ ಒಂದೇ ಕೈಬರಹ. ಒಂದು ವರ್ಷವೂ ಬಿಟ್ಟಿಲ್ಲ. 1980ರ ಸುಮಾರಿನಲ್ಲಿ ಒಂದು ಪುಟ ತುಂಬ ಕೆಂಪು ಶಾಯಿಯಿತ್ತು. ಅದೇನೆಂದು ಕೇಳಿದೆ. ಇಳಿಯುವಾಗ ರೆಕ್ಕೆಯ ತುದಿ ಬೇಲಿಗೆ ತಗುಲಿತ್ತು, ಕಾರ್ಖಾನೆಯಲ್ಲೇ ಸರಿಮಾಡಿಸಿದರು ಎಂದು ಉತ್ತರ ಬಂತು. ಗಾಯ ಮುಚ್ಚಿಡದವನನ್ನು ಅಜ್ಜ ನಂಬುತ್ತಿದ್ದರು.

ಕ್ಲಬ್ಬಿನ ತಪಾಸಣೆಗಾರರೊಬ್ಬರು ಒಂದು ದಿನವಿಡೀ ಕೂತು ದೀಪ, ಕನ್ನಡಿ ಹಿಡಿದು ರೆಕ್ಕೆಯ ಒಳಗನ್ನೆಲ್ಲ ನೋಡಿದರು. ಆ ದಿನ ಹೊರಬಂದ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಗ್ಲೈಡರಿಗೆ ಸವಾರ ಭಾರವಾಗಿರಬಾರದು ಎಂಬುದನ್ನು ಯಾರಾದರೂ ಊಹಿಸಬಹುದು. ತೀರ ಹಗುರವಾಗಿಯೂ ಇರಬಾರದಂತೆ! ಮುಂದಿನ ಭಾರ ಕಡಿಮೆಯಾದರೆ ತೂಕ ಹಿಂದಕ್ಕೆ ಸರಿದು ಅದು ಮಾತು ಕೇಳುವುದಿಲ್ಲ. ಕನಿಷ್ಠ ತೂಕ ಎಷ್ಟೆಂದು ಕೂರುವ ಜಾಗದಲ್ಲೇ ಬರೆದಿರುತ್ತದೆ. ನಮ್ಮ ಹುಡುಗ ಸಣಕಲ. ಸೀಸದ ಗಟ್ಟಿಯೊಂದನ್ನು ಬಿಗಿದುಕೊಂಡೇ ಹಾರಬೇಕೆಂದರು. ಇದನ್ನು ಮಾತ್ರ ಅಕ್ಕನಿಗೆ ಕೂಡಲೇ ಹೇಳಿದೆ. “ಹತ್ತು ವರ್ಷದಿಂದ ನಾನು ಹೇಳ್ತಿದ್ದೆ, ಉಣ್ಣೋ ಅಂತ. ಈಗ ಜರ್ಮನಿಯೋರು ಹೇಳಿದ್ರು,” ಎಂದಳು. ಇಡೀ ವ್ಯವಹಾರದಲ್ಲಿ ಅವಳು ಮೊದಲ ಬಾರಿ ನಕ್ಕದ್ದು ಆಗ.

ಹಣದ ವಿಚಾರವೂ ಸರಿಹೋಯಿತು. ಕ್ಲಬ್ಬಿನ ಇನ್ನೊಬ್ಬ ಅರ್ಧ ಪಾಲಿಗೆ ಬಂದ. ಉಳಿದ ಹಣ ವಿಮೆಗೆ, ಪ್ಯಾರಾಚೂಟಿಗೆ, ಮುಂದಿನ ವರ್ಷದ ತಪಾಸಣೆಗೆ. ಕೈಯಲ್ಲಿದ್ದದ್ದನ್ನೆಲ್ಲ ಎತ್ತಿಗೆ ಸುರಿದು ಮೇವಿಗೆ ಸಾಲ ಮಾಡುವವರನ್ನು ನಾನು ಬಹಳ ಜನ ನೋಡಿದ್ದೇನೆ.

ಇಷ್ಟೆಲ್ಲ ಆದ ಮೇಲೆ ನ್ಯಾಮತಿಗೆ ಹೋಗಿ ಅಕ್ಕನ ಎದುರು ಕುಳಿತು ಎಲ್ಲವನ್ನೂ ಒಪ್ಪಿಸಿದೆ. ಮರ, ಅಂಟು, ಪುಸ್ತಕ, ತಪಾಸಣೆ. ಅವಳು ಅಡಿಕೆ ಕತ್ತರಿಸುತ್ತ ಕೇಳಿದಳು. ಕೊನೆಗೆ, “ಅಷ್ಟು ಚೆನ್ನಾಗಿದ್ರೆ ಆ ಮನುಷ್ಯ ಯಾಕೆ ಮಾರ್ತಾನಂತೆ?” ಎಂದಳು.

ನಾಲ್ಕು ವಾರ ಹಲ್ಲೆಣಿಸಿದವರು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅಲ್ಲಿಂದಲೇ ಫೋನು ಮಾಡಿದೆವು. ಮಾರುವವರಿಗೆ 78 ವರ್ಷವಂತೆ. ಕಣ್ಣು ಮಂದವಾಗಿದೆ, ವೈದ್ಯರು ಹಾರುವುದು ಬೇಡವೆಂದಿದ್ದಾರೆ. ಉತ್ತರದ ಗಿರಾಕಿಯೊಬ್ಬ ಹೆಚ್ಚು ಕೊಡಲು ಬಂದಿದ್ದನಂತೆ, ಅವನಿಗೆ ಕೊಡಲಿಲ್ಲ; ಕ್ಲಬ್ಬಿನಲ್ಲೇ ಇದ್ದರೆ ಶನಿವಾರ ಶನಿವಾರ ಬಂದು ನೋಡಬಹುದಲ್ಲ ಎಂದು.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಭಾವನ ಸ್ಕೂಟರು ಹಿತ್ತಿಲಿನಲ್ಲಿ ಗೋಣಿತಾಟು ಹೊದ್ದು ಇನ್ನೂ ನಿಂತಿದೆ. ಕೊಳ್ಳಲು ಬಂದವರನ್ನೆಲ್ಲ ಅವಳು ಹಿಂದಕ್ಕೆ ಕಳಿಸಿದ್ದಾಳೆ. “ಆಗ್ಲಿ, ತಗೋ ಅನ್ನು,” ಎಂದು ಅಡಿಕೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆಯುಧಪೂಜೆಗೆ ನಾನು ನ್ಯಾಮತಿಯಲ್ಲೇ ಇದ್ದೆ. ಮಗನ ಗ್ಲೈಡರಿಗೂ ಪೂಜೆಯಾಗಬೇಕೆಂದು ಅಕ್ಕ ಹಟ ಹಿಡಿದಳು. ಬಟ್ಟೆಯ ಮೈಗೆ ಅರಿಸಿನ ಕುಂಕುಮ ಹಚ್ಚಿದರೆ ಕಲೆಯಾಗುತ್ತದೆಂದು ತಪಾಸಣೆಗಾರರು ಒಪ್ಪಲಿಲ್ಲ. ಗಾಡಿಯ ಕೊಂಡಿಗೆ ಹಚ್ಚಿದ್ದಾಯಿತು. ಆಮೇಲೆ ನಿಂಬೆಹಣ್ಣಿನ ಪ್ರಶ್ನೆ. ಕಾರಿಗೆ ನಾಲ್ಕು, ಸ್ಕೂಟರಿಗೆ ಎರಡು, ಇದಕ್ಕೆ ಎಷ್ಟು? ಹುಡುಗ ಫೋನನ್ನು ಕೆಳಗೆ ಹಿಡಿದು ತೋರಿಸಿದ. ಹೊಟ್ಟೆಯ ಕೆಳಗೆ ಇರುವುದು ಒಂದೇ ಚಕ್ರ. ಹಳೆಯ ಯಜಮಾನರೇ ರೆಕ್ಕೆಯ ತುದಿ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿದರು, ನಿಂಬೆಹಣ್ಣು ಚಪ್ಪಟೆಯಾಯಿತು.

“ಎರಡು ತಂದಿದ್ದೆ, ಅಮ್ಮ. ಒಂದು ಉಳೀತು,” ಎಂದ ಹುಡುಗ.

“ಅದ್ರಲ್ಲಿ ಆ ಅಜ್ಜಂಗೆ ಶರಬತ್ತು ಮಾಡಿಕೊಡು,” ಎಂದಳು ಅಕ್ಕ.