ನಲವತ್ತೇಳನೆಯದು

ಯರಗಟ್ಟಿಯ ನಮ್ಮ ಓಣಿಯಲ್ಲಿ ಜೆರೋಮ್ ಲೆಜೂನ್ ಎಂಬ ಹೆಸರು ಕೇಳಿದವರು ಬಹುಶಃ ಯಾರೂ ಇಲ್ಲ. ಆದರೆ ಪ್ಯಾರಿಸ್ಸಿನ ಆ ಡಾಕ್ಟರ ಋಣ ನಮ್ಮ ಮನೆಯ ಮೇಲೆ ದೊಡ್ಡದಿದೆ.

ನಮ್ಮಕ್ಕನನ್ನು ಸೋದರಮಾವನಿಗೇ ಕೊಟ್ಟದ್ದು. ನಮ್ಮ ಕಡೆ ಇದು ಹೊಸದಲ್ಲ. ಹೀಗಾಗಿ ಅವಳಿಗೆ ಅತ್ತೆ ಎಂದರೆ ನಮ್ಮ ಆಯಿಯೇ. ಎರಡನೆಯ ಗಂಡುಕೂಸು ಹುಟ್ಟಿದಾಗ ಅದರ ಕಣ್ಣು ತುಸು ಓರೆ, ಮೂಗು ಚಪ್ಪಟೆ. ಎತ್ತಿಕೊಂಡರೆ ಕೈಕಾಲು ತೊಯ್ದ ಅರಿವೆಯಂತೆ ಜೋತು ಬೀಳುತ್ತಿದ್ದವು. ಬಾಣಂತಿಯನ್ನು ನೋಡಲು ಬಂದ ಹೆಣ್ಣುಮಕ್ಕಳು ಪಡಸಾಲೆಯಲ್ಲೇ ಪಂಚಾಯ್ತಿ ಹೂಡಿದರು. "ರಗತದಾಗ ರಗತ ಕೂಡಿದರ ಮತ್ತೇನಾಕ್ಕೈತಿ?" ಎಂದರು ಒಬ್ಬರು. "ಗ್ರಾಣದಾಗ ಹೊರಗ ಅಡ್ಡ್ಯಾಡಿರಬೇಕ ತಗೋ" ಎಂದರು ಇನ್ನೊಬ್ಬರು. ಆಯಿ ಸವದತ್ತಿಯ ಎಲ್ಲಮ್ಮನಿಗೆ ಹರಕೆ ಹೊತ್ತಳು. ಅಕ್ಕ ಮಾತ್ರ ಬಾಯಿ ಬಿಡಲಿಲ್ಲ. ಕೂಸಿನ ಮುಷ್ಟಿ ಬಿಡಿಸಿ ಅಂಗೈ ನೋಡುತ್ತ ಕೂಡುತ್ತಿದ್ದಳು. ಅಂಗೈಯ ಮೇಲ್ಭಾಗದಲ್ಲಿ ನಮಗೆಲ್ಲ ಇರುವ ಎರಡು ಅಡ್ಡಗೆರೆಗಳ ಬದಲು ಈ ತುದಿಯಿಂದ ಆ ತುದಿಗೆ ಎಳೆದಂಥ ಒಂದೇ ಗೆರೆ ಇತ್ತು.

ಲೆಜೂನ್ ಹುಡುಕಾಟ ಶುರುವಾದದ್ದೂ ಇಂಥ ಅಂಗೈಗಳಿಂದಲೇ. 1926ರಲ್ಲಿ ಪ್ಯಾರಿಸ್ಸಿನ ಹತ್ತಿರ ಹುಟ್ಟಿದ ಅವರು 1952ರಲ್ಲಿ ರೇಮಂಡ್ ಟರ್ಪಿನ್ ಎಂಬ ಹಿರಿಯ ಮಕ್ಕಳ ವೈದ್ಯರ ಕೈಕೆಳಗೆ ಸೇರಿದರು. ಅಲ್ಲಿ ಡೌನ್ ಸಿಂಡ್ರೋಮ್ ಇರುವ ಇಂಥ ಮಕ್ಕಳ ಅಂಗೈ, ಬೆರಳುಗಳ ಗೆರೆಗಳನ್ನು ಅಭ್ಯಾಸ ಮಾಡಿದರು. ಅಂಗೈಗೆರೆ ಮೂಡುವುದು ಬಸಿರಿನ ಮೊದಮೊದಲ ತಿಂಗಳುಗಳಲ್ಲಿ. ಅಂದಮೇಲೆ ಕಾರಣವೂ ಅಷ್ಟೇ ಹಿಂದಿನದು, ಹೆರಿಗೆಯಲ್ಲಿ ಆದದ್ದಲ್ಲ. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂಬುದೇ 1956ರಲ್ಲಿ ಗೊತ್ತಾದ ಸಂಗತಿ. ಎರಡೇ ವರ್ಷಕ್ಕೆ ಪ್ಯಾರಿಸ್ಸಿನ ಟ್ರೂಸೊ ಆಸ್ಪತ್ರೆಯಲ್ಲಿ ಈ ಮಕ್ಕಳ ಜೀವಕೋಶಗಳಲ್ಲಿ 47 ಕಂಡವು. ಇಪ್ಪತ್ತೊಂದನೆಯ ಜೋಡಿಯಲ್ಲಿ ಎರಡರ ಬದಲು ಮೂರು. 1959ರ ಜನವರಿಯಲ್ಲಿ ಅದು ಪ್ರಕಟವಾಯಿತು.

ಇಲ್ಲಿ ಒಂದು ಹೆಸರು ಹೇಳದೆ ಮುಂದೆ ಹೋಗುವುದು ಅನ್ಯಾಯ. ಆ ಆಸ್ಪತ್ರೆಯಲ್ಲಿ ಜೀವಕೋಶ ಬೆಳೆಸುವ ಪ್ರಯೋಗಶಾಲೆ ಕಟ್ಟಿದವರು ಮಾರ್ತ್ ಗೋತಿಯೆ. ಆ ವಿದ್ಯೆಯನ್ನು ಅಮೆರಿಕದಲ್ಲಿ ಕಲಿತು ಬಂದಿದ್ದ ವೈದ್ಯೆ. ಪ್ರಬಂಧದಲ್ಲಿ ಲೆಜೂನ್ ಹೆಸರು ಮೊದಲು ಬಂತು. ಈಕೆಯ ಹೆಸರು ಎರಡನೆಯದಾಗಿ, ಅದೂ ತಪ್ಪಾಗಿ ಅಚ್ಚಾಯಿತು. ಲೆಜೂನರನ್ನು ಎಷ್ಟೇ ಗೌರವಿಸಿದರೂ, ಅರ್ಧ ಕೀರ್ತಿಯಾದರೂ ಆ ತಾಯಿಗೆ ಸಲ್ಲಬೇಕು ಎಂಬುದೇ ನನ್ನ ನಿಲುವು.

ಫ್ರಾನ್ಸಿನಲ್ಲೂ ಆಗ ಇಂಥ ಮಕ್ಕಳ ಹೆತ್ತವರ ಮೇಲೆ ಗುಹ್ಯರೋಗದ, ಕುಡಿತದ ಅನುಮಾನವಿತ್ತು. ಆ ಒಂದು ಹೆಚ್ಚಿನ ವರ್ಣತಂತು ಅದನ್ನೆಲ್ಲ ತೊಡೆದುಹಾಕಿತು. ಬಹುಪಾಲು ಸಲ ತತ್ತಿಯ ಕೋಶ ಒಡೆಯುವಾಗ ಒಂದು ಜೋಡಿ ಬೇರೆಯಾಗದೆ ಉಳಿಯುತ್ತದೆ. ಅದು ಯಾರ ಕೈಯಲ್ಲೂ ಇಲ್ಲ. ತಾಯಿಯ ವಯಸ್ಸು 40 ದಾಟಿದರೆ ಸಂಭವ ನೂರಕ್ಕೊಂದರಷ್ಟು ಏರುತ್ತದೆ ನಿಜ, ಆದರೆ ಎಳೆ ವಯಸ್ಸಿನ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತವೆ. ಕಳ್ಳುಬಳ್ಳಿಯ ಮದುವೆಯಿಂದ ಬರುವ ರೋಗಗಳು ಬೇರೆ ಇವೆ, ಅವನ್ನು ಹಗುರ ಮಾಡಬಾರದು. ಇದು ಆ ಸಾಲಿನದಲ್ಲ. ಬೆಳಗಾವಿಯ ಡಾಕ್ಟರೊಬ್ಬರು ವರ್ಣತಂತುಗಳ ಫೋಟೋ ಮುಂದಿಟ್ಟು, ಮೂರನೆಯದರ ಮೇಲೆ ಪೆನ್ನಿನ ತುದಿ ಊರಿ, "ಇದು ನಿಮ್ಮ ಮದುವಿಯಿಂದ ಬಂದದ್ದಲ್ಲವಾ ತಂಗಿ" ಎಂದಾಗ, ಅಕ್ಕ ಅಲ್ಲೇ ಅತ್ತಳು. ಆಯಿಯೂ ಅತ್ತಳು.

ಲೆಜೂನ್ ಅಪ್ಪಟ ಕ್ಯಾಥೋಲಿಕ್. ಹೆಂಡತಿ ಬಿರ್ಥೆ ಡೆನ್ಮಾರ್ಕಿನವರು, ಐದು ಮಕ್ಕಳು. ದೂರವಿದ್ದಾಗಲೆಲ್ಲ ಅವರು ಹೆಂಡತಿಗೆ ಬರೆದ ಪತ್ರಗಳು ರಾಶಿಗಟ್ಟಲೆ ಉಳಿದಿವೆ. ಮಗಳು ಕ್ಲಾರಾ ಅಪ್ಪನ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಳಿವಿಜ್ಞಾನದ ದೊಡ್ಡ ಪ್ರಶಸ್ತಿ ಪಡೆದ ಸಭೆಯಲ್ಲೇ, ತಾವು ಕಂಡುಹಿಡಿದದ್ದನ್ನು ಈ ಮಕ್ಕಳು ಹುಟ್ಟದಂತೆ ಮಾಡಲು ಬಳಸಬಾರದು ಎಂದು ಎದ್ದು ಹೇಳಿದರು. ನೆರೆದವರಲ್ಲಿ ಅನೇಕರಿಗೆ ಅದು ಹಿಡಿಸಲಿಲ್ಲ. ನೊಬೆಲ್ ಕೈತಪ್ಪಿದ್ದು ಅಂದೇ ಎನ್ನುವವರಿದ್ದಾರೆ. ಗರ್ಭಪಾತದ ವಿಷಯದಲ್ಲಿ ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೊರುವವಳು, ಸಾಕುವವಳು ಹೇಳಿದ್ದೇ ಕೊನೆಯ ಮಾತಾಗಬೇಕು. ಆದರೆ ತನ್ನ ರೋಗಿಗಳ ಪರವಾಗಿ ತನ್ನವರನ್ನೇ ಎದುರುಹಾಕಿಕೊಂಡ ಆ ಎದೆಗಾರಿಕೆಗೆ ಕೈಮುಗಿಯುತ್ತೇನೆ. ಜಗತ್ತು ಅವರನ್ನು ಸಂಶೋಧಕ ಎಂದು ನೆನೆಯುತ್ತದೆ. ಅವರು ದಿನವೂ ಮಾಡಿದ್ದು ಆ ಮಕ್ಕಳನ್ನು ಮುಂದೆ ಕೂಡಿಸಿಕೊಂಡು ಪರೀಕ್ಷಿಸುವ, ಹೆತ್ತವರ ಜೊತೆ ಮಾತಾಡುವ ಕೆಲಸ. ಸಾವಿರಾರು ಮಕ್ಕಳು ಅವರ ಕೈಯಲ್ಲಿ ಹಾದುಹೋದರು. ಮದ್ದು ಮಾತ್ರ ಸಿಗಲಿಲ್ಲ, ಆ ಕೊರಗು ಅವರಿಗೆ ಕಡೆತನಕ ಇತ್ತು. 1994ರ ಏಪ್ರಿಲ್ 3ರಂದು, ಈಸ್ಟರ್ ಭಾನುವಾರ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜ್ಯರೆಂದು ಘೋಷಿಸಿದರು; ಸಂತಪದವಿಯ ದಾರಿಯಲ್ಲಿ ಅದೊಂದು ಮೆಟ್ಟಿಲು.

ನಮ್ಮ ಹುಡುಗ ಈಗ ದನಗಳಿಗೆ ತಾನೇ ಮೇವು ಹಾಕುತ್ತಾನೆ, ಸಂತೆಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಾನೆ. ಹುಟ್ಟಿದ ಹೊಸದರಲ್ಲೇ ಅವನ ಎದೆ ಪರೀಕ್ಷೆಯಾಗಿ, ತೂತು ಇದ್ದದ್ದು ತಿಳಿದು, ಆಪರೇಷನ್ ಆದದ್ದರಿಂದ ಈ ಮಾತು ಬರೆಯುತ್ತಿದ್ದೇನೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ. ನಿಮ್ಮ ಓಣಿಯಲ್ಲಿ ಇಂಥ ಕೂಸು ಹುಟ್ಟಿದರೆ, ಬಸಿರಿದ್ದಾಗ ಏನು ಮಾಡಿದಿ ಎಂದು ತಾಯಿಯನ್ನು ಕೇಳಬೇಡಿ. ಕೂಸಿನ ಎದೆ ತೋರಿಸಿದಿರಾ ಎಂದು ಕೇಳಿ.